ಯಾರ ಪಾಪ?

ಕನ್ನಡದಲ್ಲಿ ‘ಪಾಪ’ ಎಂಬ ಮಾತನ್ನು ನಾವು ಮೂರು ಬಗೆಯಾಗಿ ಆಡುತ್ತೇವೆ. ಮಾಡಬಾರದ್ದನ್ನು ಮಾಡಿದರೆ ಅದು ಪಾಪ. ಮರುಕ ಹುಟ್ಟಿದರೆ ‘ಅಯ್ಯೋ ಪಾಪ’ ಎನ್ನುತ್ತೇವೆ. ನಮ್ಮ ಕಡೆ ಎಳೆಯ ಮಗುವಿಗೂ ಪಾಪ ಎಂದೇ ಹೆಸರು. ‘ನಿಮ್ಮ ಪಾಪ ನಡೀತದಾ?’ ಎಂದು ಕೇಳುವವರು ಯಾರ ಅಪರಾಧವನ್ನೂ ವಿಚಾರಿಸುತ್ತಿರುವುದಿಲ್ಲ. ನಿಘಂಟಿನಲ್ಲಿ ಈ ಅರ್ಥಗಳನ್ನು ಬೇರೆ ಬೇರೆಯಾಗಿ ಇಟ್ಟಿರಬಹುದು. ಜನರ ಬಾಯಲ್ಲಿ ಅವು ಹಾಗೆ ದೂರ ದೂರ ಕೂರುವುದಿಲ್ಲ. ಮಗುವೊಂದು ನರಳುವುದನ್ನು ಕಂಡು ‘ಅಯ್ಯೋ ಪಾಪ’ ಎಂದವರೇ ಮರುಗಳಿಗೆಯಲ್ಲಿ ‘ಯಾರ ಪಾಪವೋ ಏನೋ’ ಎನ್ನುತ್ತಾರೆ. ಮರುಕದಿಂದ ವಿಚಾರಣೆಗೆ ಮನಸ್ಸು ಇಷ್ಟು ಬೇಗ ದಾಟಿಹೋಗುವುದೇಕೆ? ಇದು ಕೆಲವು ವರ್ಷಗಳಿಂದ ನನ್ನನ್ನು ಬಿಡದೆ ಹಿಡಿದಿರುವ ಪ್ರಶ್ನೆ.

ಹಿರಿಯೂರು ತಾಲ್ಲೂಕಿನ ಹರಿಯಬ್ಬೆಗೆ ನನ್ನ ಚಿಕ್ಕಮ್ಮನ ಮಗಳನ್ನು ಕೊಟ್ಟಿದೆ. ವೇದಾವತಿಗೆ ಅಡ್ಡಲಾಗಿ ಕಟ್ಟಿ 1907ರಲ್ಲಿ ಮುಗಿಸಿದ ಮಾರಿಕಣಿವೆಯ ಅಣೆಕಟ್ಟು ಅದೇ ತಾಲ್ಲೂಕಿನಲ್ಲಿದ್ದರೂ ಅದರ ನೀರು ಎಲ್ಲರ ಹೊಲಕ್ಕೂ ಹರಿಯುವುದಿಲ್ಲ. ಅವರ ಮನೆಯವರು ಮಳೆಯನ್ನು ನಂಬಿ ಶೇಂಗಾ ಬಿತ್ತುವವರು. ಅವಳ ಮಗಳಿಗೆ ಮೂರು ತುಂಬಿದ ಬೇಸಿಗೆಯಲ್ಲಿ ಮೈಮೇಲೆ ನೀರ್ಗುಳ್ಳೆಗಳೆದ್ದವು. ಮೊದಲು ಕಿಬ್ಬೊಟ್ಟೆಯ ಮೇಲೆ, ಆಮೇಲೆ ತೊಡೆಯ ಸಂದಿಯಲ್ಲಿ, ಬಾಯಿಯ ಸುತ್ತ. ತಿಳಿನೀರು ತುಂಬಿದ ಬಿಗಿಯಾದ ಗುಳ್ಳೆಗಳು. ಒಂದು ಒಡೆದು ಒಣಗುವ ಹೊತ್ತಿಗೆ ಅದರ ಅಂಚಿನಲ್ಲಿ ಸುತ್ತಲೂ ಹೊಸವು ಮೂಡುತ್ತಿದ್ದವು, ಸರದಲ್ಲಿ ಪೋಣಿಸಿದ ಮುತ್ತಿನ ಹಾಗೆ. ವೈದ್ಯರ ಪುಸ್ತಕಗಳಲ್ಲಿಯೂ ಈ ರೋಗಕ್ಕೆ ಇದೇ ಉಪಮೆ ಇದೆ: ಮುತ್ತಿನ ಸರ, ರತ್ನಗಳ ಗೊಂಚಲು ಎಂದು. ಅಷ್ಟು ಚೆಂದದ ಉಪಮೆ ಕೊಟ್ಟವರು, ತುರಿಕೆಯಿಂದ ನಿದ್ದೆಗೆಟ್ಟ ಮಗುವನ್ನು ರಾತ್ರಿ ಎರಡು ಗಂಟೆಯಲ್ಲಿ ಹೆಗಲ ಮೇಲೆ ಹಾಕಿಕೊಂಡು ಹಜಾರದಲ್ಲಿ ತಿರುಗಿದವರಲ್ಲ ಎಂದು ತೋರುತ್ತದೆ.

ಊರಿನವರು ಮೊದಲು ‘ಅಮ್ಮ ಬಂದವ್ಳೆ’ ಎಂದರು. ಬಾಗಿಲಿಗೆ ಬೇವಿನ ಸೊಪ್ಪು ಸಿಕ್ಕಿಸಿ, ಒಗ್ಗರಣೆ ನಿಲ್ಲಿಸಿ, ಮಗುವನ್ನು ಬೇವಿನೆಲೆಯ ಮೇಲೆ ಮಲಗಿಸಿದರು. ಈ ಹಂತದ ಬಗ್ಗೆ ಒಂದು ಮಾತನ್ನು ಮೆಚ್ಚಿ ಹೇಳಬೇಕು. ಅಮ್ಮ ಎಂದು ಹೇಳಿದ ದಿನಗಳಲ್ಲಿ ಮನೆಯಲ್ಲಿ ಯಾರನ್ನೂ ಯಾರೂ ದೂರಲಿಲ್ಲ. ಅಮ್ಮ ಅತಿಥಿಯಂತೆ ಬರುತ್ತಾಳೆ, ಸಿರಿವಂತರ ಮನೆ ಬಡವರ ಮನೆ ಎಂದು ನೋಡುವುದಿಲ್ಲ, ಆದರಿಸಿ ಕಳಿಸಿಕೊಟ್ಟರೆ ಹೋಗುತ್ತಾಳೆ. ವೈದ್ಯದೃಷ್ಟಿಯಿಂದ ಅದು ತಪ್ಪು ತಿಳಿವಳಿಕೆ ನಿಜ. ಆದರೂ ಅದರಲ್ಲಿ ತಾಯಿಗೆ ಒಂದು ನೆಮ್ಮದಿಯಿತ್ತು.

ಮೂರು ವಾರವಾದರೂ ಅಮ್ಮ ಹೊರಡಲಿಲ್ಲ. ಗುಳ್ಳೆಗಳು ಉಂಗುರದಂತೆ ಸುತ್ತುವುದನ್ನು ಕಂಡ ಹಿರಿಯರೊಬ್ಬರು ‘ಇದು ಸರ್ಪಸುತ್ತು’ ಎಂದರು, ಕೆಮ್ಮಣ್ಣು ಬಳಿದದ್ದಾಯಿತು. ಸರ್ಪಸುತ್ತು ಮೈಯ ಒಂದು ಪಕ್ಕದಲ್ಲಿ ಪಟ್ಟಿಯಂತೆ ಏಳುವ ಬೇರೆಯೇ ಕಾಯಿಲೆ. ಆದರೆ ಸರ್ಪ ಎಂಬ ಮಾತು ಒಮ್ಮೆ ಮನೆಯೊಳಗೆ ಬಂದ ಮೇಲೆ ತಾನಾಗಿ ಹೊರಗೆ ಹೋಗುವುದಿಲ್ಲ. ಶಾಸ್ತ್ರ ಕೇಳಿಸಿದರು. ನಾಗದೋಷ ಎಂದು ಬಂತು. ಅಲ್ಲಿಂದ ವಿಚಾರಣೆ ಆರಂಭವಾಯಿತು. ‘ಬಸ್ರೀಲಿ ಹುತ್ತದ ಕಡೀಕೆ ಹೋಗಿದ್ದೆಯೇನಮ್ಮ?’ ‘ಗ್ರಹಣದ ದಿನ ಈಳಿಗೆಮಣೆ ಮುಟ್ಟಿದ್ಯಾ?’ ‘ತವರಿನಲ್ಲಿ ಹರಕೆ ಗಿರಕೆ ಬಾಕಿ ಐತಾ?’ ಶೇಂಗಾ ಕೀಳುವಾಗ ಬಳ್ಳಿಯ ಅಡಿಯಲ್ಲಿದ್ದ ನಾಗರವೊಂದನ್ನು ಹೊಡೆದು ಕೊಂದದ್ದು ಆ ಮನೆಯ ಗಂಡಸರೇ. ಅದು ಎಲ್ಲರಿಗೂ ತಿಳಿದ ಸಂಗತಿ. ಆ ವಿಷಯ ಒಂದು ಸಂಜೆ ಮಾತಿಗೆ ಬಂದು, ಅಂದೇ ಮುಗಿದುಹೋಯಿತು. ಹುತ್ತದ ಪಕ್ಕದಲ್ಲಿ ಒಮ್ಮೆ ಹಾದುಹೋಗಿರಬಹುದಾದ ಹೆಂಗಸಿನ ವಿಷಯ ಮಾತ್ರ ತಿಂಗಳುಗಟ್ಟಲೆ ಮುಗಿಯಲಿಲ್ಲ. ದೋಷ ಯಾರ ಮೇಲೆ ನಿಲ್ಲಬೇಕೆಂಬುದನ್ನು ನಾಗಪ್ಪನಿಗಿಂತ ಮನೆಯ ಪದ್ಧತಿಯೇ ಹೆಚ್ಚಾಗಿ ನಿರ್ಧರಿಸುತ್ತದೆಯೆಂದು ಕಾಣುತ್ತದೆ.

ಇಷ್ಟು ಹೇಳಿದ್ದರಿಂದ ಅವರು ಆಸ್ಪತ್ರೆಗೆ ಹೋಗಲಿಲ್ಲವೆಂದು ಓದುಗರು ತಿಳಿಯಬಾರದು. ಮೊದಲ ವಾರದಿಂದಲೇ ಹೋದರು. ಒಬ್ಬ ವೈದ್ಯರು ಕೀವುಗುಳ್ಳೆ ಎಂದು ಮುಲಾಮು ಕೊಟ್ಟರು. ಇನ್ನೊಬ್ಬರು ಮೈಗೆ ಒಗ್ಗದ ತಿಂಡಿಯಿಂದ ಎಂದರು. ಅವರನ್ನು ಹಳಿಯುವುದು ನ್ಯಾಯವಲ್ಲ. ಇದು ಅಪರೂಪದ ಕಾಯಿಲೆ, ನೋಡುವುದಕ್ಕೆ ಸಾಮಾನ್ಯ ಕಾಯಿಲೆಗಳ ಹಾಗೆಯೇ ಇರುತ್ತದೆ. ಕೊನೆಗೆ ದೊಡ್ಡ ಊರಿನ ಚರ್ಮವೈದ್ಯರೊಬ್ಬರು ಗುಳ್ಳೆಯ ಪಕ್ಕದಿಂದ ಅಕ್ಕಿಕಾಳಿನಷ್ಟು ಚರ್ಮ ತೆಗೆದು ಪರೀಕ್ಷೆಗೆ ಕಳಿಸಿದಾಗ ಹೆಸರು ಸಿಕ್ಕಿತು. ಲೀನಿಯರ್ ಐಜಿಎ ರೋಗ. ಮಕ್ಕಳಲ್ಲಿ ಬಂದಾಗ ಅದನ್ನು ಬಾಲ್ಯದ ದೀರ್ಘಕಾಲಿಕ ಗುಳ್ಳೆರೋಗವೆಂದೂ ಕರೆಯುತ್ತಾರೆ. ಹೆಚ್ಚಾಗಿ ಐದು ವರ್ಷದೊಳಗಿನ ಮಕ್ಕಳಲ್ಲಿ ಕಾಣಿಸಿಕೊಳ್ಳುತ್ತದೆ. ಒಬ್ಬರಿಂದ ಒಬ್ಬರಿಗೆ ಅಂಟುವುದಿಲ್ಲ. ಬಹುಪಾಲು ಮಕ್ಕಳಲ್ಲಿ ಕೆಲವು ವರ್ಷಗಳಲ್ಲಿ, ಹರೆಯಕ್ಕೆ ಬರುವ ಮುನ್ನ, ತಾನಾಗಿಯೇ ಅಡಗುತ್ತದೆ.

ಅದು ಆಗುವ ಬಗೆಯನ್ನು ನನಗೆ ತಿಳಿದಷ್ಟು ಹೇಳುತ್ತೇನೆ. ನಮ್ಮ ಚರ್ಮ ಒಂದೇ ಹಾಳೆಯಲ್ಲ. ಮಣ್ಣಿನ ಗೋಡೆಯನ್ನು ಗಾರೆ ಕಚ್ಚಿಕೊಂಡಿರುವ ಹಾಗೆ ಮೇಲಿನ ಪದರ ಕೆಳಗಿನ ಪದರವನ್ನು ಕಚ್ಚಿಕೊಂಡಿದೆ. ನಡುವೆ ಅಂಟಿನ ಕೆಲಸ ಮಾಡುವ ಕೆಲವು ಪ್ರೋಟೀನುಗಳಿವೆ. ಹೊರಗಿನಿಂದ ಬಂದ ರೋಗಾಣುಗಳನ್ನು ಗುರುತಿಸಿ ಹಿಡಿಯುವುದಕ್ಕೆಂದು ದೇಹ ಪ್ರತಿಕಾಯಗಳೆಂಬ ಕಾವಲಿನವರನ್ನು ಸಿದ್ಧಮಾಡಿ ಇಟ್ಟುಕೊಂಡಿರುತ್ತದೆ. ಅವುಗಳಲ್ಲಿ ಐಜಿಎ ಎಂಬುದೊಂದು ವರ್ಗ. ಕಣ್ಣೀರಿನಲ್ಲಿ, ಜೊಲ್ಲಿನಲ್ಲಿ, ಹೆರಿಗೆಯಾದ ತಾಯಿಯ ಮೊದಲ ಹಾಲಿನಲ್ಲಿ ಹೇರಳವಾಗಿ ಇರುವಂಥದು. ಈ ರೋಗದಲ್ಲಿ ಮಗುವಿನ ದೇಹವೇ ತಯಾರಿಸಿದ ಐಜಿಎ, ಚರ್ಮದ ಆ ಅಂಟನ್ನು ಪರಕೀಯವೆಂದು ತಿಳಿದು ಅದರ ಮೇಲೆ ಹೋಗಿ ಕೂರುತ್ತದೆ. ಅದರ ಕೂಗಿಗೆ ರಕ್ತದ ಬಿಳಿಯ ಕಣಗಳು ಓಡಿಬರುತ್ತವೆ. ಅಂಟು ಬಿಟ್ಟುಕೊಳ್ಳುತ್ತದೆ, ಪದರಗಳು ಬೇರೆಯಾಗುತ್ತವೆ, ನಡುವೆ ನೀರು ತುಂಬುತ್ತದೆ. ಚರ್ಮದ ತುಣುಕಿಗೆ ಹೊಳೆಯುವ ಬಣ್ಣ ಕೂಡಿಸಿ ತಕ್ಕ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಎರಡು ಪದರಗಳ ನಡುವೆ ಸಣ್ಣದೊಂದು ಹಸಿರು ಗೆರೆ ಎಳೆದಂತೆ ಕಾಣುತ್ತದೆ. ಆ ಗೆರೆಯೇ ರೋಗದ ಗುರುತು. ಮಣಿಪಾಲದ ಕಸ್ತೂರ್ಬಾ ವೈದ್ಯಕೀಯ ಕಾಲೇಜಿನಂಥ ಕಡೆಗಳಲ್ಲಿ ಈ ಪರೀಕ್ಷೆ ನಡೆಯುತ್ತದೆ. ತಾಲ್ಲೂಕು ಆಸ್ಪತ್ರೆಯಲ್ಲಿ ನಿರೀಕ್ಷಿಸುವಂಥದಲ್ಲ.

ಇದನ್ನು ಕೇಳಿದಾಗ ಬೇಲಿಯೇ ಎದ್ದು ಹೊಲ ಮೇಯ್ದ ಗಾದೆ ನನಗೆ ನೆನಪಾಯಿತು. ಕನ್ನಡ ಬಲ್ಲ ಯಾರಿಗಾದರೂ ಆಗುತ್ತದೆ. ಆದರೆ ಯೋಚಿಸಿದಷ್ಟೂ ಗಾದೆ ಇಲ್ಲಿ ಹೊಂದುವುದಿಲ್ಲವೆನಿಸಿತು. ಆ ಗಾದೆಯಲ್ಲೊಂದು ಸಿಟ್ಟಿದೆ. ಬೇಲಿ ದ್ರೋಹ ಬಗೆಯಿತು ಎಂಬ ಭಾವವಿದೆ. ಇಲ್ಲಿ ದ್ರೋಹ ಬಗೆದವರಿಲ್ಲ. ಕತ್ತಲಲ್ಲಿ ಮನೆಯವರನ್ನೇ ಕಳ್ಳರೆಂದು ತಿಳಿದು ಊರೆಲ್ಲ ಎಬ್ಬಿಸಿದ ಕಾವಲುಗಾರನಂತಿದೆ ಇದು. ಅವನ ನಿಷ್ಠೆಯಲ್ಲಿ ಕೊರತೆಯಿಲ್ಲ, ಗುರುತು ಹಿಡಿಯುವುದರಲ್ಲಿ ತಪ್ಪಾಗಿದೆ. ಕಳ್ಳನನ್ನು ಹುಡುಕಲು ಹೊರಟು ಮನೆಯ ಸೊಸೆಯನ್ನು ಹಿಡಿದ ಆ ಸಂಸಾರದ ನೆನಪೂ ಇದರ ಜೊತೆಗೇ ಬಂತು. ಹೋಲಿಕೆಯನ್ನು ಇನ್ನು ಎಳೆಯುವುದು ಬೇಡ.

ದೇಹ ತನ್ನನ್ನು ತಾನೇ ನೋಯಿಸಿಕೊಳ್ಳುತ್ತದೆ ಎಂಬುದನ್ನು ನಂಬುವುದಕ್ಕೆ ವಿಜ್ಞಾನಿಗಳಿಗೇ ಬಹಳ ಕಾಲ ಹಿಡಿಯಿತು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಜರ್ಮನಿಯ ಪಾಲ್ ಎರ್ಲಿಕ್, ದೇಹಕ್ಕೆ ತನ್ನ ಮೇಲೆಯೇ ವಿಷ ತಯಾರಿಸುವುದರ ಬಗ್ಗೆ ಒಂದು ಸಹಜವಾದ ಭೀತಿಯಿದೆ, ಅದು ಹಾಗೆ ಮಾಡಗೊಡುವುದಿಲ್ಲ ಎಂಬ ಅಭಿಪ್ರಾಯ ಕೊಟ್ಟ. ಆ ಅಭಿಪ್ರಾಯ ದಶಕಗಳ ಕಾಲ ಉಳಿಯಿತು. ಗುಳ್ಳೆಯ ರೋಗಗಳನ್ನೆಲ್ಲ ಪೆಂಫಿಗಸ್ ಎಂಬ ಒಂದೇ ಹೆಸರಿನಲ್ಲಿ ಕಟ್ಟಿಹಾಕಿದ್ದರು. ಗ್ರೀಕಿನಲ್ಲಿ ಅದಕ್ಕೆ ಗುಳ್ಳೆ ಎಂದೇ ಅರ್ಥ. 1953ರಲ್ಲಿ ವಾಲ್ಟರ್ ಲೀವರ್ ಎಂಬ ವೈದ್ಯರು ಅವುಗಳಲ್ಲಿ ಭೇದ ತೋರಿಸಿದರು. 1964ರಲ್ಲಿ ಅಮೆರಿಕದ ಬಫಲೋ ನಗರದಲ್ಲಿ ಬ್ಯೂಟ್ನರ್ ಮತ್ತು ಜಾರ್ಡನ್ ಎಂಬವರು ಪೆಂಫಿಗಸ್ ರೋಗಿಗಳ ರಕ್ತದಲ್ಲಿ ಅವರ ಚರ್ಮದ ಮೇಲೆಯೇ ಎರಗುವ ಪ್ರತಿಕಾಯಗಳನ್ನು ಕಂಡರು. ಐಜಿಎ ಗೆರೆಯ ರೋಗ ತನ್ನದೇ ಹೆಸರು ಪಡೆದದ್ದು 1979ರಲ್ಲಿ, ಪೋಲೆಂಡಿನ ಖೊಜೆಲ್ಸ್ಕಿ ಮತ್ತು ಸಂಗಡಿಗರಿಂದ. ಎರ್ಲಿಕ್ ಮಹಾ ಮೇಧಾವಿ. ಅವನಂಥವನೂ ಪ್ರಕೃತಿ ಇಷ್ಟು ಅವಿವೇಕ ಮಾಡಲಾರದು ಎಂದು ಭಾವಿಸಿದನಲ್ಲ! ಜಗತ್ತು ಸುಮ್ಮಸುಮ್ಮನೆ ಯಾರನ್ನೂ ನೋಯಿಸುವುದಿಲ್ಲ ಎಂಬ ನಂಬಿಕೆ ಹರಿಯಬ್ಬೆಯ ಕಟ್ಟೆಯ ಮೇಲೆ ಕುಳಿತವರದು ಮಾತ್ರವಲ್ಲ.

ವೈದ್ಯರು ಕೊಟ್ಟ ಮಾತ್ರೆಯ ಹೆಸರು ಡ್ಯಾಪ್ಸೋನ್. 1908ರಲ್ಲಿ ಜರ್ಮನಿಯ ರಸಾಯನಶಾಲೆಯೊಂದರಲ್ಲಿ ಹುಟ್ಟಿ, ಔಷಧಿಯೆಂದು ಯಾರಿಗೂ ಹೊಳೆಯದೆ ಎಷ್ಟೋ ವರ್ಷ ಬಿದ್ದಿದ್ದ ವಸ್ತು ಅದು. 1940ರ ದಶಕದಲ್ಲಿ ಅದು ಕುಷ್ಠರೋಗಕ್ಕೆ ಮದ್ದಾಯಿತು; ನಮ್ಮ ನೆರೆಯ ಚೆಂಗಲ್ಪಟ್ಟಿನಲ್ಲಿ ಡಾಕ್ಟರ್ ಕಾಕ್ರೇನ್ ಅದನ್ನು ಬಳಸಿದ ಮೊದಲಿಗರಲ್ಲಿ ಒಬ್ಬರು. ಈ ಗುಳ್ಳೆರೋಗದಲ್ಲಿ ಅದು ಕಾವಲುಗಾರನನ್ನು ತಡೆಯುವುದಿಲ್ಲ, ಅವನ ಕೂಗಿಗೆ ಓಡಿಬರುವ ಬಿಳಿಯ ಕಣಗಳನ್ನು ತಡೆಯುತ್ತದೆ. ನಾಲ್ಕೈದು ದಿನಗಳಲ್ಲಿ ಮಗುವಿನ ಮೈಮೇಲೆ ಹೊಸ ಗುಳ್ಳೆ ಏಳುವುದು ನಿಂತಿತು. ಮನೆಯಲ್ಲಿ ಎಷ್ಟೋ ದಿನದ ಮೇಲೆ ಒಗ್ಗರಣೆಯ ಸದ್ದು ಕೇಳಿತು ಎಂದು ನನ್ನ ತಂಗಿ ಫೋನಿನಲ್ಲಿ ಹೇಳಿದಳು.

ಅಷ್ಟರಲ್ಲಿ ಔಷಧಿ ಅಂಗಡಿಯವನೊಬ್ಬ, ಕೇಡಿನ ಉದ್ದೇಶವಿಲ್ಲದೆಯೇ, ‘ಇದು ಕುಷ್ಠದ ಮಾತ್ರೆ ಅಲ್ವಾ, ಮಗೂಗೆ ಯಾಕೆ?’ ಎಂದುಬಿಟ್ಟ. ಅದು ಅಜ್ಜಿಯ ಕಿವಿಗೆ ಬಿತ್ತು. ಮರುದಿನದಿಂದ ಮಾತ್ರೆಯ ಹಾಳೆ ಕಾಣಿಸಲಿಲ್ಲ. ಹೆಣ್ಣುಮಗು, ನಾಳೆ ಮದುವೆಯಾಗಬೇಕಾದದ್ದು, ಕುಷ್ಠದ ಮಾತ್ರೆ ನುಂಗಿದವಳೆಂದು ಹೆಸರಾದರೆ ಗತಿಯೇನು ಎಂಬುದು ಆಕೆಯ ಕಳವಳ. ಗುಳ್ಳೆಗಳು ಮತ್ತೆ ಎದ್ದವು, ಈ ಸಲ ಕಿವಿಯ ಹಿಂದೆ, ಅಂಗೈಯಲ್ಲಿಯೂ. ಹಾಳೆ ಕೊನೆಗೆ ರಾಗಿಯ ಡಬ್ಬದಲ್ಲಿ ಸಿಕ್ಕಿತು. ಆ ಮುದುಕಿಯ ಮೇಲೆ ನನಗೆ ಕೋಪ ಬರುವುದಿಲ್ಲ. ಆಕೆಯ ಕಾಲದಲ್ಲಿ ಕುಷ್ಠವೆಂದರೆ ಊರ ಹೊರಗಿನ ಗುಡಿಸಿಲು. ಆ ಗುಡಿಸಿಲನ್ನು ಆಕೆ ಕಣ್ಣಾರೆ ಕಂಡವಳು. ರೋಗಕ್ಕೆ ಹೆದರುವವರಿಗೆ ಸಮಾಧಾನ ಹೇಳಬಹುದು. ರೋಗಿಗೆ ನಾವು ಏನು ಮಾಡುತ್ತೇವೆ ಎಂಬುದಕ್ಕೆ ಹೆದರುವವರಿಗೆ ಏನು ಹೇಳುವುದು? ಆ ಹೆದರಿಕೆ ಸುಳ್ಳಲ್ಲವಲ್ಲ.

ಇನ್ನು ಮೂಲ ಪ್ರಶ್ನೆಗೆ ಬರುತ್ತೇನೆ. ‘ಯಾಕೆ ಬಂತು?’ ಎಂದು ವೈದ್ಯರೂ ಕೇಳುತ್ತಾರೆ, ಊರೂ ಕೇಳುತ್ತದೆ. ಮಾತು ಒಂದೇ, ಪ್ರಶ್ನೆ ಒಂದೇ ಅಲ್ಲ. ವೈದ್ಯರು ಕೇಳುವುದು ಕಾರಣವನ್ನು. ಊರು ಕೇಳುವುದು ಕಾರಣರನ್ನು. ಇವೆರಡೂ ಬೇರೆಯೆಂಬುದನ್ನು ತೋರಿಸುವುದಕ್ಕೆ ಇದೇ ಕುಟುಂಬದ ಇನ್ನೊಂದು ರೋಗ ಸಾಕ್ಷಿಗಿದೆ. ಪೆಂಫಿಗಸ್ ಇರುವ ಹೆಂಗಸು ಬಸುರಿಯಾದರೆ, ಅವಳ ರಕ್ತದ ಪ್ರತಿಕಾಯಗಳು ಮಾಸದ ಮೂಲಕ ಮಗುವಿನ ರಕ್ತಕ್ಕೆ ದಾಟುವುದುಂಟು. ಅಂಥ ಮಗು ಅಪರೂಪಕ್ಕೆ ಮೈಮೇಲೆ ಗುಳ್ಳೆಗಳೊಂದಿಗೇ ಹುಟ್ಟುತ್ತದೆ. ಕೆಲವು ವಾರಗಳಲ್ಲಿ ತಾಯಿಯ ಪ್ರತಿಕಾಯಗಳು ಕರಗಿಹೋಗಿ ಮಗುವಿನ ಮೈ ತಿಳಿಯಾಗುತ್ತದೆ. ರೋಗ ತಾಯಿಯಲ್ಲಿ ಉಳಿಯುತ್ತದೆ. ಇಲ್ಲಿ ಮಗುವಿನ ನೋವು ತಾಯಿಯಿಂದ ಬಂತೆಂದು ಯಾವ ಸಂಕೋಚವೂ ಇಲ್ಲದೆ ಹೇಳಬಹುದು. ಯಾವ ಮಾರ್ಗದಿಂದ ಬಂತೆಂದೂ ತೋರಿಸಬಹುದು. ಆದರೂ ಆ ತಾಯಿಯದು ತಪ್ಪು ಎನ್ನಲು ಯಾರಿಗೆ ಬಾಯಿ ಬಂದೀತು? ರೋಗಾಣುಗಳಿಂದ ಮಗುವನ್ನು ಕಾಯುವ ಪ್ರತಿಕಾಯಗಳೂ ಅದೇ ಹಾದಿಯಲ್ಲಿ ತಾನೆ ದಾಟಿಬರುವುದು? ಅವಳ ದೇಹ ಎಲ್ಲ ತಾಯಂದಿರ ದೇಹ ಕೊಡುವಂತೆ ತನ್ನಲ್ಲಿದ್ದುದನ್ನು ಕೊಟ್ಟಿತು. ಕಾರಣ ಕೈಗೆ ಸಿಕ್ಕಿದಾಗಲೂ ಅಪರಾಧ ಸಿಕ್ಕುವುದಿಲ್ಲ. ಹೀಗಿರುವಾಗ, ಕಾರಣವೇ ಸಿಕ್ಕದ ಹರಿಯಬ್ಬೆಯ ಮಗುವಿನ ವಿಷಯದಲ್ಲಿ ಅಪರಾಧ ಅಷ್ಟು ಸುಲಭವಾಗಿ ಸಿಕ್ಕಿತಲ್ಲ ಎಂಬುದು ಆಶ್ಚರ್ಯ.

ನಮ್ಮ ಮಾತೂ ಇದಕ್ಕೆ ಸ್ವಲ್ಪ ಒದಗಿಬರುತ್ತದೆ. ‘ದೋಷ’ ಎಂಬ ಶಬ್ದವನ್ನೇ ನೋಡಿ. ಆಯುರ್ವೇದದ ಪಂಡಿತರಿಗೆ ವಾತ ಪಿತ್ತ ಕಫಗಳು ದೋಷಗಳು. ಅವು ಎಲ್ಲರ ದೇಹದಲ್ಲಿಯೂ ಇರುವಂಥವು, ಸಮವಾಗಿದ್ದರೆ ಆರೋಗ್ಯ. ಅಲ್ಲಿ ದೋಷಕ್ಕೆ ದೂರಿನ ಅರ್ಥವೇ ಇಲ್ಲ. ಅದೇ ಶಬ್ದ ಜಾತಕದವರ ಬಾಯಿಗೆ ಬಂದಾಗ ಯಾರೋ ಮಾಡಿದ ತಪ್ಪಾಗುತ್ತದೆ. ನ್ಯಾಯಾಲಯದಲ್ಲಿ ‘ದೋಷಿ’ ಆಗಿ ಕಟಕಟೆಯಲ್ಲಿ ನಿಲ್ಲುತ್ತದೆ. ಒಂದೇ ಶಬ್ದ ಹಾಸಿಗೆಯ ಪಕ್ಕದಿಂದ ಕಟಕಟೆಯವರೆಗೆ ನಡೆದುಹೋಗುವಾಗ ಅದರ ಹಿಂದೆ ಹೋಗುವವರಿಗೆ ತಾವು ಎಲ್ಲಿ ಹೊಸ್ತಿಲು ದಾಟಿದೆವೆಂಬುದು ತಿಳಿಯುವುದಿಲ್ಲ.

ಕರ್ಮಸಿದ್ಧಾಂತವನ್ನು ಮಾತ್ರ ಇಷ್ಟು ಸುಲಭವಾಗಿ ತಳ್ಳಿಹಾಕಲು ನಾನು ಸಿದ್ಧನಿಲ್ಲ. ಅದನ್ನು ಹಿಡಿದು ಬಾಳಿದವರು ನಮ್ಮಲ್ಲಿ ಸಾಮಾನ್ಯರಲ್ಲ. ಸುಮಾರು ಹತ್ತನೆಯ ಶತಮಾನದ ವಡ್ಡಾರಾಧನೆಯ ಹತ್ತೊಂಬತ್ತು ಕಥೆಗಳಲ್ಲಿ ಸನತ್ಕುಮಾರ ಚಕ್ರವರ್ತಿಯದೂ ಒಂದು. ದೇವತೆಗಳು ನೋಡಬರುವಷ್ಟು ಚೆಲುವ ಆತ. ಆ ಚೆಲುವು ನಿಲ್ಲುವಂಥದಲ್ಲವೆಂದು ತಿಳಿದು ರಾಜ್ಯ ಬಿಟ್ಟು ತಪಸ್ಸಿಗೆ ನಿಂತ. ಮೈಯೆಲ್ಲ ರೋಗಗಳು ಮುತ್ತಿದವು. ದೇವನೊಬ್ಬ ವೈದ್ಯನ ವೇಷದಲ್ಲಿ ಬಂದು ಗುಣಪಡಿಸುತ್ತೇನೆ ಎಂದಾಗ, ನನ್ನ ಕರ್ಮದ ರೋಗಕ್ಕೆ ಮದ್ದಿದ್ದರೆ ಕೊಡು, ಮೈಯ ರೋಗದ ಮಾತು ಬೇಡ ಎಂದ. ತರಗತಿಯಲ್ಲಿ ಈ ಕಥೆ ಪಾಠ ಮಾಡುವಾಗ ಹುಡುಗರು ಒಂದು ಕ್ಷಣ ಸುಮ್ಮನಾಗುತ್ತಾರೆ. ಅಲ್ಲೊಂದು ನಿಜವಾದ ಎತ್ತರವಿದೆ. ಆದರೆ ಆ ಎತ್ತರ ಎಲ್ಲಿಂದ ಬಂತು? ಮಾತನಾಡಿದವನು ನೋವು ಉಣ್ಣುತ್ತಿದ್ದವನೇ. ‘ನನ್ನ ಕರ್ಮ’ ಎಂದವನು ಅವನು. ಬಂದ ವೈದ್ಯ ‘ಇದು ನಿನ್ನ ಕರ್ಮ’ ಎಂದು ಹೇಳಿ ಹೊರಟುಹೋಗಿದ್ದರೆ ಕಥೆ ಕಥೆಯಾಗಿ ಉಳಿಯುತ್ತಿರಲಿಲ್ಲ.

ವ್ಯಾಕರಣದ ಭಾಷೆಯಲ್ಲಿ ಹೇಳುವುದಾದರೆ, ಕರ್ಮವೆಂಬ ಮಾತು ಉತ್ತಮ ಪುರುಷದಲ್ಲಿ ಮಾತ್ರ ಸಲ್ಲುತ್ತದೆ. ನಾನು ನನ್ನ ನೋವಿಗೆ ಅದನ್ನು ಹೇಳಿಕೊಂಡರೆ ಅದು ಧೈರ್ಯವಾಗಬಹುದು, ವಿನಯವಾಗಬಹುದು, ಕಡೆಗೆ ಸುಮ್ಮನೆ ತಾಳ್ಮೆಯಾದರೂ ಆಗಬಹುದು. ‘ನಿನ್ನ ಕರ್ಮ’ ಎಂದು ಮಧ್ಯಮ ಪುರುಷಕ್ಕೆ ತಂದೊಡನೆ ಅದೇ ಮಾತು ಆರೋಪವಾಗುತ್ತದೆ. ‘ಅವರ ಕರ್ಮ’ ಎಂದರಂತೂ ಕೈತೊಳೆದುಕೊಂಡು ಮನೆಗೆ ಹೋಗಲು ಅಪ್ಪಣೆ ಸಿಕ್ಕಂತಾಯಿತು. ಮೂರು ವರ್ಷದ ಮಗುವಿಗೆ ಉತ್ತಮ ಪುರುಷವೇ ಇನ್ನೂ ಸರಿಯಾಗಿ ಬಂದಿಲ್ಲ. ‘ಪಾಪಂಗೆ ಉರಿ’ ಎಂದು ತನ್ನನ್ನೇ ಬೇರೆಯವರಂತೆ ಹೇಳಿಕೊಳ್ಳುವ ವಯಸ್ಸು. ಅದರ ಪರವಾಗಿ ಕರ್ಮದ ಲೆಕ್ಕ ಹೇಳುವ ಅಧಿಕಾರ ಯಾರಿಗಿದೆ?

ಇದಕ್ಕೊಂದು ಆಕ್ಷೇಪಣೆ ಉಂಟು, ಅದನ್ನು ನನಗೆ ಒಡ್ಡಿದವಳು ನನ್ನ ತಂಗಿಯೇ. ಊರವರು ಬಿಟ್ಟಮೇಲೂ ಅವಳು ತನ್ನನ್ನು ದೂರಿಕೊಳ್ಳುವುದನ್ನು ಬಿಟ್ಟಿರಲಿಲ್ಲ. ಇದರಲ್ಲಿ ನಿನ್ನದೇನೂ ತಪ್ಪಿಲ್ಲ, ಯಾರದೂ ತಪ್ಪಿಲ್ಲ ಎಂದು ನಾನು ಹಸಿರು ಗೆರೆಯ ಕಥೆಯನ್ನೆಲ್ಲ ಹೇಳಿದೆ. ಅವಳು ಕೇಳಿಕೊಂಡು, ‘ಅಣ್ಣ, ನನ್ನ ತಪ್ಪು ಅಂದ್ರೆ ನಾನೇನಾದ್ರೂ ಮಾಡಬೋದು. ಹರಕೆ ಹೊರಬೋದು, ಉಪವಾಸ ಇರಬೋದು. ಯಾರ ತಪ್ಪೂ ಅಲ್ಲ ಅಂದ್ರೆ ನಾನೇನು ಮಾಡ್ಲಿ?’ ಎಂದಳು. ಈ ಮಾತಿಗೆ ಉತ್ತರ ಪುಸ್ತಕದಲ್ಲಿಲ್ಲ. ದೋಷವನ್ನು ಕಿತ್ತುಕೊಂಡರೆ ಅವಳ ಕೈಯಲ್ಲಿದ್ದ ಒಂದೇ ಹಿಡಿಯನ್ನು ಕಿತ್ತುಕೊಂಡಂತೆ. ತಪ್ಪು ನನ್ನದಾದರೆ ಜಗತ್ತಿಗೆ ಒಂದು ನಿಯಮವಿದೆ, ನಾನು ತಿದ್ದಿಕೊಂಡರೆ ಅದೂ ತಿದ್ದಿಕೊಳ್ಳುತ್ತದೆ ಎಂಬ ಭರವಸೆಯಿದೆ. ತಪ್ಪಿಲ್ಲದೆ ಬಂದ ನೋವು ತಪ್ಪಿಲ್ಲದೆ ಮತ್ತೆಯೂ ಬಂದೀತು. ವಿದ್ಯಾವಂತರು ಮೂಢನಂಬಿಕೆಯ ಮೇಲೆ ಭಾಷಣ ಮಾಡುವಾಗ ಈ ಲೆಕ್ಕವನ್ನು ಬಿಟ್ಟುಬಿಡುತ್ತಾರೆ. ತೆಗೆದುಕೊಂಡದ್ದರ ಜಾಗದಲ್ಲಿ ಏನಿಟ್ಟೆವೆಂದು ಯಾರೂ ಹೇಳುವುದಿಲ್ಲ.

ಅವಳ ವಿಷಯದಲ್ಲಿ ಆ ಜಾಗಕ್ಕೆ ಬಂದದ್ದು ಕೆಲಸ. ಮಾತ್ರೆಯನ್ನು ಮಗುವಿನ ತೂಕಕ್ಕೆ ಸರಿಯಾಗಿ ಭಾಗ ಮಾಡಿ, ಹೊತ್ತಿಗೆ ಕೊಡಬೇಕು. ಡ್ಯಾಪ್ಸೋನ್ ರಕ್ತದ ಕೆಂಪು ಕಣಗಳನ್ನು ಒಡೆಯಬಲ್ಲದು. ಅದಕ್ಕೆ ತಕ್ಕ ಒಂದು ಕಿಣ್ವದ ಕೊರತೆ ಇದೆಯೇ ಎಂದು ಮೊದಲೇ ನೋಡಿರುತ್ತಾರೆ, ಆಮೇಲೂ ಮೊದಮೊದಲು ವಾರಕ್ಕೊಮ್ಮೆ, ಮುಂದೆ ತಿಂಗಳಿಗೊಮ್ಮೆ ರಕ್ತಪರೀಕ್ಷೆ ಮಾಡಿಸಬೇಕು. ಮಗುವಿನ ತುಟಿ ನೀಲಿಯಾಗುತ್ತದೆಯೇ, ಏದುಸಿರು ಬರುತ್ತದೆಯೇ ಎಂದು ನೋಡುತ್ತಿರಬೇಕು. ಒಡೆದ ಗುಳ್ಳೆಯನ್ನು ತೊಳೆದು ಮೃದುವಾದ ಹಳೆಯ ಸೀರೆಯ ಬಟ್ಟೆ ಹೊದಿಸಬೇಕು, ಉಗುರು ಕತ್ತರಿಸುತ್ತಿರಬೇಕು. ಅವಳು ಒಂದು ಹಳೆಯ ಲೆಕ್ಕದ ಪುಸ್ತಕದಲ್ಲಿ ದಿನದಿನದ ಗುಳ್ಳೆಗಳ ಎಣಿಕೆ ಬರೆದಿಟ್ಟಿದ್ದಾಳೆ. ಶೇಂಗಾ ಚೀಲದ ಲೆಕ್ಕದ ಕೆಳಗೆ ‘ಹೊಸದು 4, ಹಳೇದು 11’ ಎಂದು. ವೈದ್ಯರು ಆ ಪುಸ್ತಕವನ್ನು ನೋಡಿದ ದಿನ ಅದನ್ನು ಎರಡು ಸಲ ತಿರುವಿಹಾಕಿ, ಇದು ನನಗೆ ಬಹಳ ಉಪಯೋಗ ಎಂದರಂತೆ. ಅಂದಿನಿಂದ ಅವಳ ದನಿಯಲ್ಲೊಂದು ಬದಲಾವಣೆಯನ್ನು ನಾನು ಕಂಡೆ. ಅಪರಾಧಿಯಾಗಿ ಮಾಡಬಹುದಾಗಿದ್ದ ಕೆಲಸಕ್ಕಿಂತ ಹೆಚ್ಚಿನದನ್ನು ಅವಳು ಅಪರಾಧಿಯಾಗದೆ ಮಾಡುತ್ತಿದ್ದಳು.

ಹರಕೆಯನ್ನು ಅವಳು ಬಿಟ್ಟಳೆಂದು ಇದರ ಅರ್ಥವಲ್ಲ. ಘಾಟಿ ಸುಬ್ರಹ್ಮಣ್ಯಕ್ಕೆ ಹೋಗಿಬಂದಳು. ನಾನು ಬೇಡವೆನ್ನಲಿಲ್ಲ. ದೇವರ ಮುಂದೆ ನಿಂತು 'ಕಾಪಾಡು' ಎನ್ನುವುದು ಬೇರೆ, ಮನೆಯವರ ಮುಂದೆ ನಿಂತು ತಪ್ಪೊಪ್ಪಿಕೊಳ್ಳುವುದು ಬೇರೆ. ಒಂದಕ್ಕೆ ಮಾತ್ರ ಅಡ್ಡ ಬಂದೆ. ಕುಕ್ಕೆಯಲ್ಲಿ ಚಂಪಾಷಷ್ಠಿಯ ಹೊತ್ತಿಗೆ ಉಂಡು ಬಿಟ್ಟ ಎಲೆಗಳ ಮೇಲೆ ಉರುಳಿದರೆ ಚರ್ಮರೋಗ ಹೋಗುತ್ತದೆ ಎಂಬ ನಂಬಿಕೆ ಬಹಳ ಹಳೆಯದು. ಯಾರೋ ಮಗುವನ್ನು ಅದಕ್ಕೆ ಕರೆದೊಯ್ಯುವ ಮಾತೆತ್ತಿದರು. ಬಾಯಿ ತೆರೆದ ಗುಳ್ಳೆಗಳ ಮೈಯನ್ನು ಎಂಜಲೆಲೆಯ ಮೇಲೆ ಉರುಳಿಸುವುದೆಂದರೆ ಕೀವನ್ನು ಕರೆದು ಕೂರಿಸಿದ ಹಾಗೆ. 2017ರಲ್ಲಿ ರಾಜ್ಯದ ಶಾಸನಸಭೆ ಒಪ್ಪಿ, 2020ರ ಜನವರಿಯಲ್ಲಿ ಜಾರಿಗೆ ಬಂದ ಕಾನೂನು ಮಡೆಸ್ನಾನವನ್ನು ನಿಷೇಧಿಸಿದೆ ಎಂದು ನಾನು ಹೇಳಿದಾಗ ಮಾತು ಅಲ್ಲಿಗೇ ನಿಂತಿತು. ಕಾನೂನಿನ ಹೆಸರು ಹೇಳಿ ವಾದ ಗೆಲ್ಲುವುದು ಅಂಥ ದೊಡ್ಡ ಗೆಲುವಲ್ಲ. ಆದರೂ ಮಗುವಿನ ಮೈ ಉಳಿಯಿತು.

ನೋವು ಕಂಡವರು ಏನು ಮಾಡಬೇಕೆಂಬುದಕ್ಕೆ ಬೈಬಲಿನ ಯೋಬನ ಕಥೆಯಲ್ಲಿ ಒಂದು ಸಣ್ಣ ವಿವರವಿದೆ. ಅಂಗಾಲಿನಿಂದ ನೆತ್ತಿಯವರೆಗೆ ಹುಣ್ಣಾಗಿ ಬೂದಿಯಲ್ಲಿ ಕುಳಿತು ಬೋಕಿಯಿಂದ ಮೈ ಕೆರೆದುಕೊಳ್ಳುತ್ತಿದ್ದ ಯೋಬನನ್ನು ನೋಡಲು ಮೂವರು ಗೆಳೆಯರು ಬಂದರು. ಏಳು ಹಗಲು ಏಳು ರಾತ್ರಿ ಒಂದು ಮಾತೂ ಆಡದೆ ಅವನ ಪಕ್ಕದಲ್ಲಿ ನೆಲದ ಮೇಲೆ ಕುಳಿತರು. ಆಮೇಲೆ ಬಾಯಿ ತೆರೆದರು. ನೀನು ಏನೋ ತಪ್ಪು ಮಾಡಿರಬೇಕು, ಇಲ್ಲದಿದ್ದರೆ ಹೀಗಾಗುತ್ತಿರಲಿಲ್ಲ ಎಂದು ಪುಟಗಟ್ಟಲೆ ವಾದಿಸಿದರು. ಕೊನೆಯಲ್ಲಿ ದೇವರಿಗೆ ಸಿಟ್ಟು ಬಂದದ್ದು ಆ ಗೆಳೆಯರ ಮೇಲೆ. ಏಳು ದಿನ ಸುಮ್ಮನೆ ಕುಳಿತಿದ್ದಾಗ ಅವರು ಒಳ್ಳೆಯ ಗೆಳೆಯರೇ ಆಗಿದ್ದರು ಎಂಬುದನ್ನು ಓದುವವರು ಮರೆತುಬಿಡುತ್ತಾರೆ. ಅಷ್ಟು ಹೊತ್ತು ಬೇರೆಯವರ ನೋವಿನ ಪಕ್ಕದಲ್ಲಿ ಕುಳಿತಿರುವುದು ಕಷ್ಟ. ಅದಕ್ಕೆ ಒಂದು ಕಾರಣ ಸಿಕ್ಕಿಬಿಟ್ಟರೆ ಎದ್ದುಹೋಗಬಹುದು. ‘ಯಾರ ಪಾಪವೋ’ ಎನ್ನುವುದರಲ್ಲಿ ಅರ್ಧ ಭಾಗ ಈ ಆತುರವೇ ಇದ್ದೀತು ಎಂದು ನನ್ನ ಅನುಮಾನ.

ಏಳದೆ ಕುಳಿತವರನ್ನೂ ನಾನು ಕಂಡಿದ್ದೇನೆ. ಅಂಗನವಾಡಿಯಲ್ಲಿ ಬೇರೆ ಮಕ್ಕಳ ತಾಯಂದಿರು ಈ ಹುಡುಗಿಯನ್ನು ಒಳಗೆ ಬಿಡಬಾರದೆಂದು ಹಟ ಹಿಡಿದಾಗ, ಅಲ್ಲಿನ ಟೀಚರಮ್ಮ ವೈದ್ಯರ ಚೀಟಿ ತೋರಿಸಿ ವಾದ ಮಾಡಲು ಹೋಗಲಿಲ್ಲ. ಹುಡುಗಿಯನ್ನು ತೊಡೆಯ ಮೇಲೆ ಕೂರಿಸಿಕೊಂಡು ಅವಳಿಗೆ ತಾನೇ ಉಣ್ಣಿಸಿ, ಅದೇ ತಟ್ಟೆಯಲ್ಲಿ ತಾನೂ ಎರಡು ತುತ್ತು ಉಂಡರು. ಹಾಗೆ ನಾಲ್ಕು ದಿನ. ಐದನೆಯ ದಿನ ಗಲಾಟೆಯಿರಲಿಲ್ಲ. ಆಕೆ ಓದಿದ್ದು ಹೆಚ್ಚಿಲ್ಲ. ಪ್ರತಿಕಾಯದ ಹೆಸರು ಕೇಳಿದವರಲ್ಲ.

ಈಗ ಹುಡುಗಿ ಎರಡನೆಯ ತರಗತಿ. ಮಾತ್ರೆ ಕಡಿಮೆಯಾಗಿದೆ, ಪೂರ್ತಿ ನಿಂತಿಲ್ಲ. ಕಲೆಗಳು ಹೆಚ್ಚುಕಡಿಮೆ ಮಾಸಿವೆ. ಹೊಟ್ಟೆಯ ಮೇಲೆ ಮಾತ್ರ ಬಣ್ಣ ಸ್ವಲ್ಪ ಬೇರೆ. ನನ್ನ ತಂಗಿ ಮತ್ತೆ ಬಸುರಿ. ಇದು ತಾಯಿಯಿಂದ ಮಕ್ಕಳಿಗೆ ನೇರವಾಗಿ ಇಳಿದುಬರುವ ಕಾಯಿಲೆಯಲ್ಲ, ಇನ್ನೊಂದು ಮಗುವಿಗೂ ಬರುತ್ತದೆಂದು ಭಯಪಡಬೇಕಾಗಿಲ್ಲ ಎಂದು ವೈದ್ಯರು ಹೇಳಿದ್ದಾರೆ. ಅತ್ತೆಯ ಮನೆಯವರು ಹೆರಿಗೆಗೆ ಮುಂಚೆ ಕುಕ್ಕೆಯಲ್ಲಿ ಆಶ್ಲೇಷಾ ಬಲಿ ಮಾಡಿಸಿಬಿಡೋಣ ಎನ್ನುತ್ತಿದ್ದಾರೆ. ಮಾಡಿಸಿ, ಆದರೆ ಸಂಕಲ್ಪದಲ್ಲಿ ಹಾವು ಹೊಡೆದವರ ಹೆಸರನ್ನೂ ಹೇಳಿಸಿ ಎಂದು ಅವಳು ಷರತ್ತು ಹಾಕಿದ್ದಾಳೆ. ಮಾವನವರು ಇನ್ನೂ ಉತ್ತರ ಕೊಟ್ಟಿಲ್ಲ.